ಬ್ಯಾಂಡಿನವರ ಪಂಕ್ತಿ

ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ ಊರಿಗೆಲ್ಲ ದುಡ್ಡು, ಹುಲುಗೇಶನಿಗೆ ಮಾತ್ರ ಧೂಳು. ಮಾರ್ಕೆಟ್ಟಿನ ಕಡೆಯಿಂದ ಎದ್ದ ಹೊಟ್ಟು ಬಡಾವಣೆ ದಾಟಿ, ಕಿಟಕಿಯ ಸಂದಿಯಲ್ಲಿ ನುಸುಳಿ, ಬೇರೆಲ್ಲೂ ಜಾಗವಿಲ್ಲದಂತೆ ತನ್ನ ರೆಕಾರ್ಡುಗಳ ಮೇಲೇ ಬಂದು ಕೂರುತ್ತದೆ ಎಂಬುದು ಅವನ ದೃಢವಾದ ನಂಬಿಕೆ. ಹಾಗಾಗಿ ಸುಗ್ಗಿ ಮುಗಿಯುವವರೆಗೆ ಮುಂದಿನ ಕೋಣೆಯ ಕಿಟಕಿ ತೆಗೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ, ಕಸಬರಿಗೆ ಒಳಗೆ ಬರುವಂತಿಲ್ಲ. ಮಗಳು ಪಂಪಾವತಿ, ಮನೆಯವರ ಬಾಯಲ್ಲಿ ಪಂಪಿ, ಎರಡನೇ ಪಿಯುಸಿಯ ಪುಸ್ತಕಗಳನ್ನು ಹರಡಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಓದುತ್ತಿದ್ದಳು. ಒಗ್ಗರಣೆಯ ಘಾಟಿಗೆ ಸೀನುತ್ತಲೇ ರಸಾಯನಶಾಸ್ತ್ರ ಮುಗಿಸಿದ್ದಳು.

"ಅದು ಕೋಣಿ ಅಲ್ಲವ್ವ, ಗರ್ಭಗುಡಿ," ಎನ್ನುತ್ತಿದ್ದಳು ಹುಲುಗೇಶನ ತಾಯಿ ದ್ಯಾಮಕ್ಕ. "ಪೂಜಾರೀನೂ ಇವನ, ಭಕ್ತನೂ ಇವನ. ಪ್ರಸಾದ ಮಾತ್ರ ಯಾರಿಗೂ ಇಲ್ಲ."

ಹುಲುಗೇಶ ಊರಿನ ಒಂದು ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಅವನ ಆರಾಧನೆ ಜಾಝ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲೂಕುಗಳನ್ನು ಜರಡಿ ಹಿಡಿದರೂ ಜಾಝ್ ಕೇಳುವವನು ತಾನೊಬ್ಬನೇ ಸಿಗುತ್ತೇನೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಇದನ್ನು ಯಾರೂ ಅಲ್ಲಗಳೆದಿರಲಿಲ್ಲ. ಎರಡನೆಯವನಾಗಲು ಯಾರೂ ಮುಂದೆ ಬಂದಿರಲೂ ಇಲ್ಲ. ಧಾರವಾಡದಲ್ಲಿ ಎಂ.ಕಾಂ. ಓದುವಾಗ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕೆನ್ನೆ ಉಬ್ಬಿಸಿ ಟ್ರಂಪೆಟ್ ಊದುತ್ತಿದ್ದ ಒಬ್ಬ ಕರಿಯನ ಚಿತ್ರವಿದ್ದ ರೆಕಾರ್ಡನ್ನು ಕೊಂಡಿದ್ದ. ಆಗ ಅದನ್ನು ಹಾಕಿ ಕೇಳಲು ಅವನ ಬಳಿ ಯಂತ್ರವೂ ಇರಲಿಲ್ಲ. ಆ ಉಬ್ಬಿದ ಕೆನ್ನೆಗಳನ್ನೇ ನೋಡಿ ಕೊಂಡದ್ದು ಯಾಕೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದ.

ಯಾಕೆಂದರೆ ಅವನ ಅಪ್ಪ ಜಂಬಯ್ಯನೂ ಟ್ರಂಪೆಟ್ ಊದುವವನೇ. ಕೊಟ್ಟೂರಿನ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಹಲ್ಲು ಬೀಳುವವರೆಗೂ ಊದಿದವನು. ಕೆಂಪು ಕೋಟು, ಹೆಗಲ ಮೇಲೆ ಬಂಗಾರದ ಬಣ್ಣದ ಜೂಲು, ಕಾಲಲ್ಲಿ ಹವಾಯಿ ಚಪ್ಪಲಿ. ಹಡಗಲಿಯಿಂದ ಕೂಡ್ಲಿಗಿಯವರೆಗೆ ಅವನು ಮೆರವಣಿಗೆ ಮಾಡಿಸದ ಮದುಮಗನಿಲ್ಲ. ಹಾಗಂತ ಜಂಬಯ್ಯ ದೊಡ್ಡ ಕಲಾವಿದನೇನೂ ಅಲ್ಲ. ಸಿನಿಮಾ ಹಾಡನ್ನು ಕ್ಯಾಸೆಟ್ಟಿನಿಂದ ಕಲಿತು, ಸ್ವರವನ್ನು ಯಾವಾಗಲೂ ಒಂದಿಷ್ಟು ಕೆಳಗಿಟ್ಟು, ಅದರ ಕೊರತೆಯನ್ನು ಜೋರಿನಲ್ಲಿ ತುಂಬಿಸುತ್ತಿದ್ದ. ಮದುವೆ ಮನೆಯಲ್ಲಿ ಅಷ್ಟು ಸಾಕು.

ಬ್ಯಾಂಡಿನವರಿಗೆ ಒಂದು ಪದ್ಧತಿಯಿತ್ತು. ಬೀಗರು, ನೆಂಟರು, ಊರವರು, ಕೊನೆಗೆ ಅಡುಗೆಯವರೂ ಉಂಡಾದ ಮೇಲೆ ಚಪ್ಪರದ ಹೊರಗೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಅವರ ಪಂಕ್ತಿ. ಯಾರೂ ಹೊರಗೆ ಕೂರಿ ಎನ್ನುತ್ತಿರಲಿಲ್ಲ. ವಾದ್ಯ ಮಗ್ಗುಲಿಗಿಟ್ಟು ಅವರೇ ಹೋಗಿ ಅಲ್ಲಿ ಕೂರುತ್ತಿದ್ದರು. ಇನಾಮು ಕೊಟ್ಟರೆ ನೋಟನ್ನು ವಾದ್ಯದ ಬಾಯಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳಬೇಕು. ಚಿಕ್ಕಂದಿನಲ್ಲಿ ಆ ಪಂಕ್ತಿಯಲ್ಲಿ ಕೂತು ಹುಲುಗೇಶನೂ ಬೇಕಾದಷ್ಟು ಬೂಂದಿ ತಿಂದಿದ್ದ.

ಬೆಂಗಳೂರಿನಲ್ಲಿ ಜಾಝ್ ಕೇಳುವವರ ಒಂದು ಗುಂಪಿದೆ. ವರ್ಷಕ್ಕೆ ಮೂರ್ನಾಲ್ಕು ಸಲ ಹುಲುಗೇಶ ಬಸ್ಸು ಹತ್ತಿ ಅವರ ಜೊತೆ ಸಂಗೀತ ಕಛೇರಿಗೆ ಹೋಗಿಬರುತ್ತಿದ್ದ. ಮೊದಲ ಸಲ ಹೋದಾಗ ಯಾರೋ ಸೌಜನ್ಯಕ್ಕೆ, "ನಿಮ್ಮ ಮನೇಲಿ ಸಂಗೀತ ಇತ್ತಾ?" ಎಂದು ಕೇಳಿದ್ದರು.

"ಇಲ್ಲ ಸರ್, ನಾನೇ ಮೊದಲು," ಎಂದಿದ್ದ. "ತಂದೆಯವರು ಕೃಷಿಕರು."

ಮನೆಗೊಂದು ಅಂಗೈ ಅಗಲದ ಹೊಲವೂ ಇರಲಿಲ್ಲ.

ಈ ಸುಗ್ಗಿಯಲ್ಲಿ ಆ ಗುಂಪಿನ ಹಿರಿಯರಾದ ಸಿದ್ದಲಿಂಗ ಅವರು ಫೋನು ಮಾಡಿದರು. ನಿವೃತ್ತ ವಾಸ್ತುಶಿಲ್ಪಿ, ಗುಂಪಿನಲ್ಲಿ ಅವರು ಹೂಂ ಎಂದರೆ ಒಳ್ಳೆಯ ರೆಕಾರ್ಡು, ಉಹುಂ ಎಂದರೆ ಕೆಟ್ಟದ್ದು. ಹೆಂಡತಿಯ ಜೊತೆ ಹಂಪಿಗೆ ಹೊರಟವರು ದಾರಿಯಲ್ಲಿ ಹುಲುಗೇಶನ ಸಂಗ್ರಹ ನೋಡಿಕೊಂಡು ಹೋಗುತ್ತಾರಂತೆ. ತಮ್ಮಲ್ಲಿ ಎರಡೆರಡಾಗಿರುವ ರೆಕಾರ್ಡುಗಳ ಒಂದು ಪೆಟ್ಟಿಗೆಯನ್ನೂ ತಂದುಕೊಡುತ್ತಾರಂತೆ.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಹುಲುಗೇಶ ಪಲಾವು, ಪನೀರು ಎಂದೆಲ್ಲ ಶುರುಮಾಡಿದ.

"ಪನೀರು ಬೆಂಗಳೂರಾಗ ಸಿಗಂಗಿಲ್ಲೇನ್ರಿ?" ಎಂದಳು ಹೆಂಡತಿ ಶಾಂತಕುಮಾರಿ. "ರೊಟ್ಟಿ, ಬದನೀಕಾಯಿ, ಶೇಂಗಾ ಚಟ್ನಿ ಮಾಡತೀನಿ. ಉಂಡ್ರ ಉಣ್ಲಿ, ಇಲ್ಲಂದ್ರ ಹಾಡು ಕೇಳಿ ಹೊಟ್ಟಿ ತುಂಬಿಸ್ಕೊಳ್ಳಿ."

"ಅದಿರಲಿ," ಎಂದು ಹುಲುಗೇಶ ಜಂಬಯ್ಯನ ಕಡೆ ತಿರುಗಿದ. "ಅಪ್ಪಾ, ನೀನು ಚಿಗಟೇರಿಗೆ ಹೋಗಿ ಅತ್ತೀನ ಮಾತಾಡಿಸಿ ಬಂದು ಭಾಳ ದಿನ ಆತಲ್ಲ?"

ಜಂಬಯ್ಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಹೋದ ಅಮಾಸಿಗೆ ಹೋಗಿದ್ನಲ್ಲಪ."

"ಇನ್ನೊಮ್ಮೆ ಹೋಗು. ಇಲ್ಲಿ ಮಂದಿ ಬರ್ತಾರ, ಗದ್ಲ ಆಗತೈತಿ. ನಿನಗ ತ್ರಾಸು."

"ಇಬ್ರು ಬಂದ್ರ ಏನೂ ಗದ್ಲ ಆಗಂಗಿಲ್ಲ," ಎಂದಳು ಪಂಪಿ. "ತಾತ ಮದಿವಿ ಮದಿವಿ ಗದ್ಲದಾಗ ಜೀವನ ಮಾಡ್ಯಾನ."

"ನೀನು ಓದು."

"ಉಣ್ಣಾಕ ಹತ್ತೀನಿ. ಓದಾಕ ಜಾಗ ಎಲ್ಲೈತಿ?"

ದ್ಯಾಮಕ್ಕ ಮಗನ ಮುಖವನ್ನೂ ಗಂಡನ ಮುಖವನ್ನೂ ನೋಡಿ, ಮಜ್ಜಿಗೆಯ ಚೆಂಬನ್ನು ಸದ್ದಾಗುವಂತೆ ಕೆಳಗಿಟ್ಟಳು. ಜಂಬಯ್ಯ ಮಾತ್ರ, "ಹೋಗತೀನಿ ಬಿಡು. ಬಸ್ಸು ನನಗೇನು ಹೊಸಾದಾ?" ಎಂದು ಕೈ ತೊಳೆಯಲು ಎದ್ದ. ಮರುದಿನ ಗೋಡೆಯ ಮೇಲಿದ್ದ ಕೆಂಪು ಕೋಟಿನ ಫೋಟೋ ಕೂಡ ಸುಣ್ಣ ಉದುರುವ ನೆಪದಲ್ಲಿ ಟ್ರಂಕಿನೊಳಗೆ ಹೋಯಿತು.

ಅತಿಥಿಗಳು ಬಂದ ದಿನ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಹುಲುಗೇಶ ಹೊಸ ಅಂಗಿ ಹಾಕಿಕೊಂಡಿದ್ದ. ಶಾಂತಕುಮಾರಿಯ ರೊಟ್ಟಿಗಳು ಹಬೆಯಾಡುತ್ತಿದ್ದವು. ಸಿದ್ದಲಿಂಗ ಅವರು ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ರೆಕಾರ್ಡಿನ ಪೆಟ್ಟಿಗೆಯನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ಅದೇ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಹೆಗಲ ಮೇಲೊಂದು ಕೈಚೀಲ ಹಾಕಿಕೊಂಡು, ತಲೆಗೆ ಟವೆಲು ಸುತ್ತಿಕೊಂಡ ಜಂಬಯ್ಯ ಬಂದ. ಚಿಗಟೇರಿಯ ತಂಗಿಯ ಅಂಗಳದಲ್ಲಿ ಮೆಕ್ಕೆಜೋಳದ ಮಷೀನು ಬಂದಿತ್ತು. ಹೊಟ್ಟಿಗೆ ಕೆಮ್ಮು ಹತ್ತಿ, ತಡೆಯಲಾಗದೆ ಸಿಕ್ಕ ಮೊದಲ ಬಸ್ಸಿಗೇ ಹೊರಟುಬಂದಿದ್ದ.

"ಅಜ್ಜಾ, ಸ್ವಲ್ಪ ಇದನ್ನ ಹಿಡೀತೀಯಾ?" ಎಂದರು ಸಿದ್ದಲಿಂಗ.

ಜಂಬಯ್ಯ ಪೆಟ್ಟಿಗೆಗೆ ಕೈ ಹಾಕಿ ಮಗನ ಕಡೆ ನೋಡಿದ. ಕೇಳುವ ನೋಟ ಅದು, ಬೇರೇನೂ ಅಲ್ಲ. ಹುಲುಗೇಶನ ಬಾಯಲ್ಲಿ 'ಇವರು' ಎಂಬ ಮಾತು ಅರ್ಧ ಬಂದಿತ್ತು. ಆದರೆ ಹೊರಗೆ ಬಿದ್ದದ್ದು ಬೇರೆ.

"ಒಳಗಿಡು. ಹುಷಾರು, ಒಡೀತಾವು."

ಜಂಬಯ್ಯ ಪೆಟ್ಟಿಗೆಯನ್ನು ಒಳಗಿಟ್ಟ. ಹೊರಗೆ ಬಂದ. ಕೈಚೀಲವನ್ನು ಮಗ್ಗುಲಿಗಿಟ್ಟು ಬಾಗಿಲ ಮೆಟ್ಟಿಲ ಮೇಲೆ ಕೂತ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಎಲ್ಲಿ ಕೂರಬೇಕೆಂದು ಕಂಡವರ ಮುಖ ನೋಡಿಯೇ ತಿಳಿಯುವುದು ಬ್ಯಾಂಡಿನವರಿಗೆ ಊದುವುದಕ್ಕಿಂತ ಮೊದಲು ಬರುವ ವಿದ್ಯೆ.

ಒಳಗೆ ರೊಟ್ಟಿ ಬಡಿಸುತ್ತಿದ್ದ ಶಾಂತಕುಮಾರಿ ಹಿತ್ತಲಿನಿಂದ ಸುತ್ತಿಬಂದು ಪಿಸುಗುಟ್ಟಿದಳು. "ಮಾವಾ, ಹಿಂದಿನ ಬಾಗಿಲಿಂದ ಬರ್ರಿ. ಅಡಗಿ ಮನಿಯಾಗ ಕುಂತು ಉಣ್ಣುವಂತ್ರಿ."

"ಇರ್ಲಿ ಬಿಡವ್ವ. ದೊಡ್ಡ ಮಂದಿ ಉಣ್ಲಿ. ನನ್ನ ಪಾಳಿ ಆಮ್ಯಾಲ."

ಊಟವಾದ ಮೇಲೆ ಹುಲುಗೇಶ ತನ್ನ ಹೆಮ್ಮೆಯ ರೆಕಾರ್ಡು ಹಾಕಿದ. ಯಾವುದೋ ದೂರದ ಊರಿನ ಊಟದ ಹೋಟೆಲಿನಲ್ಲಿ ಜನ ಉಣ್ಣುತ್ತಿರುವಾಗಲೇ ನುಡಿಸಿ, ಅಲ್ಲೇ ಧ್ವನಿಮುದ್ರಿಸಿದ್ದು. ಕೋಣೆಯಲ್ಲಿ ಕೂತು ನುಡಿಸಿದ್ದು ಫೋಟೋ, ಜನರ ನಡುವೆ ನುಡಿಸಿದ್ದು ಮನುಷ್ಯ ಎಂಬುದು ಅವನ ಸಿದ್ಧಾಂತ. ಅಂಥ ರೆಕಾರ್ಡಿನಲ್ಲಿ ಟ್ರಂಪೆಟ್ಟಿನಷ್ಟೇ ಮುಖ್ಯ ಒಂದು ಕೆಮ್ಮು, ಒಂದು ಗ್ಲಾಸಿನ ಸದ್ದು, ಬಾಗಿಲು ತೆಗೆದು ಹಾಕಿದ್ದು.

"ಈಗ ಕೇಳಿ ಸರ್," ಎಂದು ಬೆರಳೆತ್ತಿದ. "ಯಾರೋ ತಟ್ಟೆ ಕೆಳಗಿಟ್ಟರು."

ಟಣ್ ಎಂದಿತು. ಸಿದ್ದಲಿಂಗ ಕಣ್ಣು ಮುಚ್ಚಿ ತಲೆದೂಗಿದರು. "ಎಷ್ಟು ಸ್ಪಷ್ಟ ಇದೆ ರೀ. ಪಕ್ಕದಲ್ಲೇ ಇಟ್ಟ ಹಾಗೆ."

ಅದು ಪಕ್ಕದಲ್ಲೇ ಇಟ್ಟದ್ದು. ರೆಕಾರ್ಡಿನ ತಟ್ಟೆ ಇನ್ನೂ ಮುಂದೆ, ಹಾಡಿನ ಎರಡನೇ ಸುತ್ತಿನಲ್ಲಿ ಬರುತ್ತದೆಂದು ಹುಲುಗೇಶನಿಗೆ ನೆನಪಾಯಿತು. ಈಗ ಕೇಳಿಸಿದ್ದು ಮೆಟ್ಟಿಲ ಮೇಲೆ ಅವನ ಅಪ್ಪ ಉಂಡು ಕೆಳಗಿಟ್ಟ ಸ್ಟೀಲಿನ ತಟ್ಟೆ. ಅವನು ತಿದ್ದಲಿಲ್ಲ. ಎರಡನೇ ಸುತ್ತು ಬರುವ ಮುಂಚೆ ಮುಳ್ಳನ್ನು ಎತ್ತಿ, ಬೇರೆ ರೆಕಾರ್ಡು ಹಾಕಿದ.

ಹೊರಡುವಾಗ ಸಿದ್ದಲಿಂಗ ಅವರು ಮೆಟ್ಟಿಲ ಬಳಿ ನಿಂತು, ಜೇಬಿನಿಂದ ಒಂದು ನೂರರ ನೋಟು ತೆಗೆದು, "ತಗೋ ಅಜ್ಜಾ, ಚಹಾ ಕುಡಿ," ಎಂದರು. ಜಂಬಯ್ಯ ಎದ್ದು ನಿಂತ. ಎರಡೂ ಕೈಯಲ್ಲಿ ತೆಗೆದುಕೊಂಡ. ಮುಟ್ಟಿಸಲು ಟ್ರಂಪೆಟ್ ಇರಲಿಲ್ಲ. ಕೈ ಒಂದು ಕ್ಷಣ ಎದೆಯ ಹತ್ತಿರ ತಡವರಿಸಿ, ನೋಟನ್ನು ನೇರವಾಗಿ ಕಣ್ಣಿಗೊತ್ತಿಕೊಂಡಿತು. "ದೇವ್ರು ಚಲೋ ಇಟ್ಟಿರ್ಲಿರಿ," ಎಂದ. ಹುಲುಗೇಶ ಕಾರಿಗೆ ಕೈಮುಗಿದು ನಿಂತಿದ್ದ. ಕಾರು ತಿರುವು ದಾಟಿದ ಮೇಲೂ ಕೈ ಇಳಿಸಲಿಲ್ಲ; ಇಳಿಸಿದರೆ ಹಿಂದಕ್ಕೆ ತಿರುಗಬೇಕಿತ್ತು.

ತಿರುಗಿದಾಗ ಬಾಗಿಲಲ್ಲಿ ಪಂಪಿ ನಿಂತಿದ್ದಳು.

"ನೋಡಿದೆ," ಎಂದಳು. ಅಷ್ಟೇ.

ಬೈಗುಳ ದ್ಯಾಮಕ್ಕನಿಂದ ಬಂತು, ಅದೂ ಸಂಜೆ ಹಿಟ್ಟು ನಾದುತ್ತ. "ನಿನ್ನ ಹೊಟ್ಟಿ ಉಬ್ಬಿದ್ದು ಅವನು ಗಲ್ಲ ಉಬ್ಬಿಸಿದ್ದಕ್ಕಲೇ. ಧಾರವಾಡದ ಹಾಸ್ಟೆಲ್ಲಿಗೆ ರೊಕ್ಕ ಎಲ್ಲಿಂದ ಬಂತು? ನೀನು ಕೇಳೋ ಆ ಕರಿಯಪ್ಪ ಕಳಿಸಿದ್ನೇನು?"

"ಅವ್ವಾ, ಆ ಹೊತ್ನಾಗ ಬಾಯಿಗೆ ಬರ್ಲಿಲ್ಲ."

"'ಒಳಗಿಡು' ಅನ್ನಾಕ ಬಂತು?"

"ಸಾಕು ಬಿಡ," ಎಂದ ಜಂಬಯ್ಯ ಹೊರಗಿನಿಂದ. "ಪೆಟಿಗಿ ಎತ್ತಿಟ್ರ ಕೈ ಸವೀತಾವೇನು? ಆ ಯಪ್ಪಗ ಸೊಂಟ ನೋವಿತ್ತು."

ಆವತ್ತು ರಾತ್ರಿ ಅವನು ತಟ್ಟೆ ತೆಗೆದುಕೊಂಡು ಮೆಟ್ಟಿಲಿಗೆ ಹೋದ. ಸೆಖೆ ಎಂದ. ಮರುದಿನವೂ ಹೋದ. ಗಾಳಿ ಎಂದ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಸಿಟ್ಟಿಲ್ಲ, ಸೆಡವಿಲ್ಲ, ಬೆಳಿಗ್ಗೆ ಹಾಲು ತರುತ್ತಿದ್ದ, ಸೊಪ್ಪು ಸೋಸುತ್ತಿದ್ದ, ಪಂಪಿಯ ಸೈಕಲ್ಲಿಗೆ ಗಾಳಿ ಹಾಕಿಸುತ್ತಿದ್ದ. ಊಟಕ್ಕೆ ಮಾತ್ರ ಎಲ್ಲರದೂ ಆಗಲಿ ಎಂದು ಕಾದು, ಕೊನೆಗೆ ಹೊರಗೆ. ಹುಲುಗೇಶ ಒಂದು ಕುರ್ಚಿ ತಂದಿಟ್ಟ. ಅದರ ಮೇಲೆ ಜಂಬಯ್ಯ ಟವೆಲು ಒಣಹಾಕಿದ. ಒಂದು ಭಾನುವಾರ ಕೋಳಿ ತಂದ. ಕೋಳಿಯೂ ಮೆಟ್ಟಿಲಿಗೇ ಹೋಯಿತು.

ಎದುರುಮನೆಯ ಪುಷ್ಪಲತಾ ನಲ್ಲಿಯ ಹತ್ತಿರ ಶಾಂತಕುಮಾರಿಯನ್ನು ಕೇಳಿಯೇಬಿಟ್ಟಳು. "ಮಾವನ್ನ ಹೊರಗ ಇಟ್ಟೀರೇನವ? ಏನಾರ ಜಡ್ಡಾ?"

ಶಾಂತಕುಮಾರಿ ಕೊಡ ತಂದು ಗಂಡನ ಕೋಣೆಯ ಹೊಸ್ತಿಲ ಮೇಲೇ ಕುಕ್ಕಿದಳು. ನೀರು ಒಳಗೆ ಚೆಲ್ಲಿತು.

"ಮಾತು ನುಂಗಿದೋರು ನೀವು. ಹೆಸರು ಕೆಡೋದು ನಂದು. ಊರಾಗ ಸೊಸಿ ಕೂಳು ಹಾಕಂಗಿಲ್ಲ ಅಂತಾರ, ಮಗ ಅಪ್ಪನ್ನ ಆಳು ಮಾಡಿದ ಅಂತ ಯಾರೂ ಅನ್ನಂಗಿಲ್ಲ."

"ನಾನೇನು ಮಾಡ್ಲಿ? ಒಳಗ ಬಾ ಅಂತ ದಿನಾ ಕರೀತೀನಿ."

"ಕರದ್ರ ಬರಾಕ ಅವ್ರೇನು ನೆಂಟ್ರೇನ್ರಿ?"

ಆ ಸಂಜೆ ಅವನು ಅಪ್ಪನನ್ನು ಗರ್ಭಗುಡಿಗೆ ಕರೆದ. ಈ ಮನೆ ಕಟ್ಟಿದಾಗಿನಿಂದ ಅದೇ ಮೊದಲು. ಕೆನ್ನೆ ಉಬ್ಬಿದ ಆ ಹಳೆಯ ರೆಕಾರ್ಡನ್ನು ಹಾಕಿದ. ಜಂಬಯ್ಯ ಒಳಗೆ ಬರದೆ, ಬಾಗಿಲ ಚೌಕಟ್ಟಿಗೆ ಕೈಯಿಟ್ಟು, ತಲೆ ಓರೆ ಮಾಡಿ ಕೇಳಿದ. ಹುಲುಗೇಶ ಅಪ್ಪನ ಮುಖದಲ್ಲಿ ಏನೋ ಬೆಳಗುತ್ತದೆಂದು ಕಾದ.

"ಯಾರ ಮದಿವಿ ಇದು?" ಎಂದ ಜಂಬಯ್ಯ.

"ಮದಿವಿ ಅಲ್ಲಪ್ಪಾ. ಸುಮ್ಮನ ಊದ್ಯಾನ."

"ಮದಿವಿ ಇಲ್ದನ?" ಅವನು ಇನ್ನಷ್ಟು ಹೊತ್ತು ಕೇಳಿದ. "ನಮ್ಮ ಬ್ಯಾಂಡಿನ ದೊಡ್ಡಬೀರಪ್ಪ ಹಿಂಗ ಊದಿದ್ರ ಬೀಗ್ರು ಜಗಳಕ್ಕ ಬರ್ತಿದ್ರು. ಪದ ಶುರು ಮಾಡಿ ಎಲ್ಲೋ ಹೋಗಿಬಿಡ್ತಾನ." ಆಮೇಲೆ ಮಗನಿಗೆ ಬೇಜಾರಾಯಿತೇನೋ ಎಂದು, "ಉಸುರು ಚಲೋ ಐತಿ," ಎಂದು ಸೇರಿಸಿ, ಸಂಜೆಯ ಹಾಲು ತರಲು ಹೋದ.

ಪಂಪಿ ಅಡುಗೆಮನೆಯ ಬಾಗಿಲಿನಿಂದ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು. "ರೆಕಾರ್ಡು ಹಾಕಿದ್ರ ಆಗಂಗಿಲ್ಲಪ್ಪಾ. ಆ ಬೆಂಗಳೂರಿನೋರಿಗೆ ಹೇಳು, ಅವ್ರು ನಮ್ಮ ತಾತ ಅಂತ."

ಅದು ಹುಲುಗೇಶನಿಗೆ ಸರಿಯೆನಿಸಿತು. ಎಲ್ಲಿ ಸುಳ್ಳು ಹೇಳಿದೆನೋ ಅಲ್ಲೇ ನಿಜ ಹೇಳಿದರೆ ಲೆಕ್ಕ ಸರಿಹೋಗುತ್ತದೆ ಎಂದು ವಾಣಿಜ್ಯಶಾಸ್ತ್ರದವರಿಗೆ ಅನ್ನಿಸುವುದು ಸಹಜ. ಆ ವಾರದ ಕೊನೆಗೆ ಬೆಂಗಳೂರಿನಲ್ಲಿ ಕಛೇರಿಯಿತ್ತು. ಬಸ್ಸಿನುದ್ದಕ್ಕೂ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತ ಹೋದ. ಚಿತ್ರದುರ್ಗದ ಹೊತ್ತಿಗೆ ಅದು ದೊಡ್ಡ ಭಾಷಣವಾಗಿತ್ತು; ತುಮಕೂರಿನ ಹೊತ್ತಿಗೆ ಒಂದೇ ಸಾಲಿಗೆ ಇಳಿದಿತ್ತು.

ಸಂಜೆಯ ಕಛೇರಿಯಲ್ಲಿ ಟ್ರಂಪೆಟ್ಟಿನವನು ಚೆನ್ನಾಗಿ ನುಡಿಸಿದನಂತೆ. ಹುಲುಗೇಶ ಅವನ ಕೆನ್ನೆಗಳನ್ನು ನೋಡುತ್ತ ಕೂತಿದ್ದ, ಸ್ವರ ಯಾವುದೂ ಒಳಗಿಳಿಯಲಿಲ್ಲ. ವಿರಾಮದಲ್ಲಿ, ಕಾಫಿಯ ಮೇಜಿನ ಪಕ್ಕದಲ್ಲಿ, ಸಿದ್ದಲಿಂಗ ಅವರ ಮುಂದೆ ನಿಂತು ಹೇಳಿಬಿಟ್ಟ.

"ಸರ್, ಆವತ್ತು ನಿಮ್ಮ ಪೆಟ್ಟಿಗೆ ಎತ್ತಿಕೊಂಡು ಬಂದರಲ್ಲ, ನೀವು ನೂರು ರೂಪಾಯಿ ಕೊಟ್ಟಿರಿ. ಅವರು ನಮ್ಮ ತಂದೆ. ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದರು."

ಸಿದ್ದಲಿಂಗ ಕಪ್ಪು ಕೆಳಗಿಟ್ಟು ಯೋಚಿಸಿದರು. "ಪೆಟ್ಟಿಗೆ ನಾನೇ ತಂದೆನಲ್ವಾ?"

"ಇಲ್ಲ ಸರ್. ಮೆಟ್ಟಿಲ ಮೇಲೆ ಕೂತಿದ್ದರು."

"ಹೌದಾ? ಇರಬಹುದು ರೀ. ನನಗೆ ನಿಮ್ಮನೆ ರೊಟ್ಟಿ ಒಂದೇ ನೆನಪಿರೋದು." ಪಕ್ಕದವರ ಕಡೆ ತಿರುಗಿದರು. "ಕೇಳಿದ್ರಾ, ಹುಲುಗೇಶ್ ಅವರ ತಂದೆ ಮದುವೆ ಬ್ಯಾಂಡಲ್ಲಿ ಟ್ರಂಪೆಟ್ ಅಂತೆ. ಎಷ್ಟು ಚೆನ್ನಾಗಿದೆ ಅಲ್ವಾ? ಮುಂದಿನ ಸಲ ಎಲ್ಲರ ಮುಂದೆ ಹೇಳಿ ಇದನ್ನ."

ಪಕ್ಕದವರು ನಿಜಕ್ಕೂ ಚೆನ್ನಾಗಿದೆ ಎಂದರು. ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಹೋದರು. ಆವತ್ತು ಯಾರ ಕಣ್ಣಲ್ಲಿ ಸಣ್ಣವನಾಗಬಾರದೆಂದು ಅಪ್ಪನನ್ನು ಮೆಟ್ಟಿಲಿಗೆ ಕೂರಿಸಿದ್ದನೋ, ಆ ಕಣ್ಣಿಗೆ ಅಪ್ಪನೂ ಬಿದ್ದಿರಲಿಲ್ಲ, ಮೆಟ್ಟಿಲೂ ಬಿದ್ದಿರಲಿಲ್ಲ. ಹುಲುಗೇಶ ಎರಡನೇ ಭಾಗಕ್ಕೆ ಕೂರದೆ ಬಸ್‌ಸ್ಟ್ಯಾಂಡಿಗೆ ಹೋದ.

ಮನೆ ಮುಟ್ಟಿದಾಗ ಬೆಳಗಿನ ಉಪ್ಪಿಟ್ಟಿನ ಹೊತ್ತು. ಜಂಬಯ್ಯ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತಿದ್ದ. ಮಗ ಬಂದದ್ದಕ್ಕೆ ಒಂದಿಷ್ಟು ಸರಿದು ದಾರಿ ಬಿಟ್ಟ. ಒಳಗೆ ಪಂಪಿ ಜಡೆ ಹಾಕಿಕೊಳ್ಳುತ್ತಿದ್ದಳು.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಅವರಿಗೆ ನೆನಪಿಲ್ಲ."

ಪಂಪಿ ನಗುತ್ತಾಳೆಂದುಕೊಂಡ. ಅವಳು ನಗಲಿಲ್ಲ. ಜಡೆಯ ತುದಿಗೆ ರಬ್ಬರು ಸುತ್ತುತ್ತ, "ಹಂಗಾರ ನೆನಪಿದ್ದೋರಿಗೆ ಹೇಳು," ಎಂದಳು.

ಹುಲುಗೇಶ ಬ್ಯಾಗು ಇಳಿಸದೆಯೇ ಮತ್ತೆ ಬಾಗಿಲಿಗೆ ಬಂದು ಅಪ್ಪನ ಹಿಂದೆ ನಿಂತ. ತುಮಕೂರಿನಲ್ಲಿ ಒಂದು ಸಾಲಿಗೆ ಇಳಿದಿದ್ದ ಮಾತು ಈಗ ಒಂದು ಪದಕ್ಕೂ ಸಾಲಲಿಲ್ಲ.

"ಅಪ್ಪಾ, ಆವತ್ತು..."

"ಬಂದ್ಯಾ? ಹೆಂಗಿತ್ತು?" ಜಂಬಯ್ಯ ತಿರುಗದೆಯೇ ಕೇಳಿದ.

"ಚಲೋ ಇತ್ತು."

"ಊದೋರು ಎಷ್ಟು ಮಂದಿ?"

"ಟ್ರಂಪೆಟ್ ಒಬ್ಬನ. ಉಳಿದೋರು ಬ್ಯಾರೆ ಬ್ಯಾರೆ."

"ಆದಮ್ಯಾಲ ಊಟ ಎಲ್ಲಿ ಹಾಕಿದ್ರು ಅವ್ರಿಗೆ? ಒಳಗನಾ, ಹೊರಗನಾ?"

ಹುಲುಗೇಶ ಯೋಚಿಸಿದ. ಇಷ್ಟು ವರ್ಷಗಳಲ್ಲಿ ಎಷ್ಟು ಕಛೇರಿ ಕೇಳಿದ್ದ. ಯಾರು ಯಾವ ವರ್ಷ ಯಾವ ಊರಿನಲ್ಲಿ ಏನು ನುಡಿಸಿದರೆಂದು ನಿದ್ದೆಯಲ್ಲೂ ಹೇಳಬಲ್ಲ. ವಾದ್ಯ ಕೆಳಗಿಟ್ಟ ಮೇಲೆ ಅವರು ಯಾವ ಬಾಗಿಲಿನಿಂದ ಹೋಗುತ್ತಾರೆಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಗೊತ್ತಿಲ್ಲಪ್ಪಾ."

ಜಂಬಯ್ಯ ತಟ್ಟೆಯ ಕೊನೆಯ ತುತ್ತನ್ನು ಒಟ್ಟುಮಾಡಿ ಬಾಯಿಗಿಟ್ಟುಕೊಂಡ, ನಿಧಾನವಾಗಿ ಅಗಿದು ನುಂಗಿದ.

"ಅಷ್ಟು ದೂರ ಹೋಗಿ," ಎಂದ, "ಅದನ್ನೂ ನೋಡ್ಲಿಲ್ಲೇನೋ?"